ಗಾಜಿನ ಗೂಡಿನ ಗಾಳಿ

ಗಿಣಿಯಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಸಮ್ಮೇಳನಗಳಲ್ಲಿ ಪರಭಾಷೆಯವರು ಆಡಿದ ಮಾತನ್ನು ಆ ಕ್ಷಣವೇ ನಮ್ಮ ಭಾಷೆಯಲ್ಲಿ ಆಡಿಬಿಡುವ ದುಭಾಷಿ ಅವನು. ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಾನೆಂದು ಅವನಿಗೆ ಕೆಲಸ ಕೊಡುವ ಏಜೆನ್ಸಿಯವರು ಆ ಹೆಸರಿಟ್ಟರು. ಅದು ಮೆಚ್ಚುಗೆಯೋ ಗೇಲಿಯೋ ಎಂದು ಅವನು ವಿಚಾರಿಸಲು ಹೋಗಲಿಲ್ಲ. ವಿಚಾರಿಸಬೇಕಾದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಸ್ವಂತ ಮಾತು ಹೊರಡಬೇಕು, ಅದು ಅವನ ಜಾಯಮಾನದಲ್ಲೇ ಇರಲಿಲ್ಲ. ಮಂತ್ರಿಯ ಸಿಟ್ಟು, ವಕೀಲನ ಕೊಂಕು, ವ್ಯಾಪಾರಿಯ ನಯ, ಯಾವುದೇ ಆಗಲಿ, ಕಿವಿಗೆ ಬಿದ್ದರೆ ಸಾಕು, ಅವನ ನಾಲಿಗೆಯ ಮೇಲೆ ನೀರಿನ ಹಾಗೆ ಹರಿಯುತ್ತಿತ್ತು. ಅದೇ ಮನುಷ್ಯ ಹೋಟೆಲಿನಲ್ಲಿ ಕಾಫಿ ಆರಿದೆ ಎಂದು ಹೇಳಲಾರದೆ ಆರಿದ ಕಾಫಿಯನ್ನೇ ಕುಡಿದು ಎದ್ದು ಬರುತ್ತಿದ್ದ. "ಮದುವೆಗೆ ಒಪ್ಪಿಗೇನಾ ಅಂತ ಕೇಳಿದಾಗ್ಲೂ ಇವರು ತಲೆ ಆಡಿಸಿದ್ದೇ ಹೊರತು ಬಾಯಿ ಬಿಟ್ಟಿಲ್ಲ" ಎಂದು ಅವನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನೂ ಜೊತೆಗೆ ನಗುತ್ತಿದ್ದ.

ಈ ಕಸುಬನ್ನು ಅವನಿಗೆ ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ, ಆದರೆ ಕಸುಬಿನವರೆಲ್ಲರಿಗೂ ಅವಳು ಅಕ್ಕನೇ. ಭಾಷಣಕಾರ ಕೆಮ್ಮಿದರೆ ಕೆಮ್ಮನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ದಾಟಿಸಬೇಕು ಅನ್ನುವ ಪೈಕಿ. "ಅವರು ಹೇಳದ್ದನ್ನ ನೀನು ಸೇರಿಸಬೇಡ, ಹೇಳಿದ್ದನ್ನ ಬಿಡಬೇಡ. ಸಭೆಯಲ್ಲಿ ನಿನಗೆ ಸ್ವಂತ ಬಾಯಿ ಇಲ್ಲ ಅಂದ್ಕೋ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು. ಸಭೆಯಲ್ಲಿ ಮಾತ್ರ ಎಂದು ಅವಳು ಹೇಳಿದ್ದು. ಗಿಣಿಯಪ್ಪ ಅದನ್ನು ಇಡೀ ಬಾಳಿಗೆ ಅನ್ವಯಿಸಿಕೊಂಡಿದ್ದ. ಅವನ ತಪ್ಪುಗಳನ್ನು ಅವಳು ಒಂದೂ ಬಿಡದೆ ಮುಖಕ್ಕೇ ಹೇಳುತ್ತಿದ್ದಳು, ಹೇಳಿ ಮರುಕ್ಷಣ ಮರೆಯುತ್ತಿದ್ದಳು. ಹಾಗೆ ತಿದ್ದಿಸಿಕೊಂಡೇ ಅವನು ಅವಳ ಪಕ್ಕದ ಕುರ್ಚಿಗೆ ಖಾಯಂ ಆದ.

ಅವರಿಬ್ಬರೂ ಕೂರುತ್ತಿದ್ದದ್ದು ಸಭಾಂಗಣದ ಹಿಂಭಾಗದಲ್ಲಿ ನಿಲ್ಲಿಸುವ ಗಾಜಿನ ಗೂಡಿನಲ್ಲಿ. ಎರಡು ಕುರ್ಚಿ, ಎರಡು ಮೈಕು, ಎರಡು ಹೆಡ್‌ಫೋನು, ಒಂದು ಬಾಗಿಲು. ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ಫ್ಯಾನು ಹಾಕಿದರೆ ಅದರ ಗುಂಯ್‌ಗುಡುವಿಕೆ ಸಭಿಕರ ಕಿವಿಗೆ ಹೋಗುತ್ತದೆ, ಹಾಗಾಗಿ ಫ್ಯಾನಿಲ್ಲ. ಸೂಜಿ ಬಿದ್ದರೂ ಕೇಳುವ ಆ ಗೂಡಿನಲ್ಲಿ ಗಾಳಿ ಮಾತ್ರ ಬಂದ ದಾರಿಗೆ ವಾಪಸು ಹೋಗುವುದಿಲ್ಲ. ಇದನ್ನು ಓದುಗರು ಚೆನ್ನಾಗಿ ನೆನಪಿಟ್ಟುಕೊಂಡರೆ ಮುಂದಿನ ಸಂಕಟ ಅರ್ಥವಾಗುತ್ತದೆ.

ಆ ವರ್ಷ ಅಕ್ಕ ಮೆಟ್ಟಿಲಿನಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೈಕಟ್ಟು ಬಿಚ್ಚುವ ಹೊತ್ತಿಗೆ ತೋಳು ಸೊರಗಿ ಕಡ್ಡಿಯಾಗಿತ್ತು. ಅವಳ ಅಳಿಯ ವ್ಯಾಯಾಮಶಾಲೆ ಇಟ್ಟುಕೊಂಡವನು. "ಅತ್ತೆ, ಅರವತ್ತು ದಾಟಿದ ಮೇಲೆ ಮಾಂಸಖಂಡ ಕರಗ್ತಾ ಹೋಗುತ್ತೆ. ಪ್ರೋಟೀನ್ ತಗೊಳ್ಳಿ, ಹೊತ್ತುಹೊತ್ತಿಗೆ ತಗೊಳ್ಳಿ" ಎಂದು ಒಂದು ಡಬ್ಬ ಪುಡಿಯನ್ನೂ ಅದನ್ನು ಕಲಕುವ ಮುಚ್ಚಳದ ಲೋಟವನ್ನೂ ತಂದುಕೊಟ್ಟ. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನ ದುರದೃಷ್ಟವೆಂದರೆ ಅವನು ಮಾತಾಡಿದ್ದು ಒಬ್ಬ ದುಭಾಷಿಯ ಜೊತೆ. ಪ್ರೋಟೀನ್ ತಗೊಳ್ಳಿ ಎಂದ, ಅಕ್ಕ ತಗೊಂಡಳು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮಾಂಸ, ಸಂಜೆ ಮತ್ತೆ ಮೊಟ್ಟೆ, ನಡುನಡುವೆ ಪುಡಿ. ಸೊಪ್ಪು, ಕಾಳು, ತರಕಾರಿ, ಹಣ್ಣಿನ ಹೆಸರನ್ನು ಅವನು ಎತ್ತಿರಲಿಲ್ಲ, ಹಾಗಾಗಿ ಅವು ಅವಳ ತಟ್ಟೆಯಿಂದ ಎದ್ದುಹೋದವು.

"ತರಕಾರಿ ಬಿಟ್ಬಿಟ್ರಾ ಅಕ್ಕ?" ಎಂದು ಗಿಣಿಯಪ್ಪ ಒಮ್ಮೆ ಮೆಲ್ಲಗೆ ಕೇಳಿದ್ದ.

"ಅವನು ಹೇಳಿಲ್ಲ ಕಣೋ. ಹೇಳದ್ದನ್ನ ನಾನ್ಯಾಕೆ ಸೇರಿಸ್ಲಿ?" ಎಂದಳು ಅಕ್ಕ.

ತೋಳು ತುಂಬಿಕೊಂಡಿತು, ಸುಳ್ಳಲ್ಲ. ಅಕ್ಕ ತನ್ನ ಚೀಲವನ್ನು ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳು, ಬಂದು ಗಾಜಿನ ಗೂಡಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಸ್ವಲ್ಪ ಹೊತ್ತಿನಲ್ಲಿ ಗೂಡಿನ ಗಾಳಿ ಬದಲಾಗುತ್ತಿತ್ತು. ಸದ್ದಿಲ್ಲ, ಸುಳಿವಿಲ್ಲ. ಕೊಳೆತ ಮೊಟ್ಟೆಯನ್ನು ಯಾರೋ ಕಾಣದ ಕಡೆ ಬಚ್ಚಿಟ್ಟಿದ್ದಾರೆ ಅನ್ನುವ ಹಾಗೆ ಒಂದು ನಾತ ಮೆಲ್ಲಗೆ ಎದ್ದು, ಹೋಗಲು ದಾರಿ ಕಾಣದೆ, ಗಿಣಿಯಪ್ಪನ ಮೂಗನ್ನೇ ನಂಬಿಕೊಂಡು ಕೂರುತ್ತಿತ್ತು. ದಿನಾ ಅದರೊಳಗೇ ಇದ್ದ ಅಕ್ಕನ ಮೂಗಿಗೆ ಅದು ಯಾವತ್ತೋ ಒಗ್ಗಿಹೋಗಿತ್ತು. ಅವಳು ಕನ್ನಡಕ ಏರಿಸಿಕೊಂಡು ಅರ್ಥಶಾಸ್ತ್ರಜ್ಞರ ಉದ್ದುದ್ದ ವಾಕ್ಯಗಳನ್ನು ನೆಮ್ಮದಿಯಾಗಿ ದಾಟಿಸುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಎರಡನೇ ದಿನ ಹೇಳಿ ಮುಗಿಸುತ್ತಿದ್ದರು. ಗಿಣಿಯಪ್ಪ ಮೂಗಿನ ಕೆಳಗೆ ನೆಗಡಿಯ ಮುಲಾಮು ಹಚ್ಚಿಕೊಂಡ. ಬಾಗಿಲು ಒಂದು ಬೆರಳಷ್ಟು ತೆರೆದಿಟ್ಟ, ಸದ್ದು ಬರುತ್ತದೆಂದು ಅಕ್ಕ ಎದ್ದು ಮುಚ್ಚಿದಳು. "ಇತ್ತೀಚೆಗೆ ಜನ ಏನೇನೋ ತಿಂತಾರೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಅಂದು ನೋಡಿದ, ಅಕ್ಕ ಹೌದು ಎಂದಳು. ಮುಲಾಮಿನ ವಾಸನೆ ಹಿಡಿದು ಅವಳೇ ಕನಿಕರಪಟ್ಟು, "ನಿನ್ನ ನೆಗಡಿ ಬಿಡೋ ಹಾಗೆ ಕಾಣಲ್ಲ, ಇದನ್ನ ಕುಡಿ" ಎಂದು ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತರತೊಡಗಿದಳು. ಇಲ್ಲದ ನೆಗಡಿಗೆ ಅವನು ದಿನಾ ಬಿಸಿನೀರು ಕುಡಿದ. ಕುಡಿಯುವಾಗ ನಾಚಿಕೆಯಿಂದ ಅವನ ಕಿವಿ ಕೆಂಪಾಗುತ್ತಿತ್ತು, ಅಕ್ಕ ಅದನ್ನು ಜ್ವರವೆಂದು ತಿಳಿದು ಹಣೆ ಮುಟ್ಟಿ ನೋಡುತ್ತಿದ್ದಳು.

ಕಡೆಗೆ ಅವನು ಹೇಡಿಗಳು ಯಾವತ್ತೂ ಮಾಡುವುದನ್ನು ಮಾಡಿದ. ಹೇಳಬೇಕಾದವಳನ್ನು ಬಿಟ್ಟು ಅವಳ ಮೇಲಿನವರಿಗೆ ಫೋನ್ ಮಾಡಿದ.

"ಮೇಡಂ, ಮುಂದಿನ ಸಲ ಜೋಡಿ ಸ್ವಲ್ಪ ಬದಲಾಯಿಸೋಕಾಗುತ್ತಾ ಅಂತ..."

ಏಜೆನ್ಸಿಯ ಯಜಮಾನಿ ಚುರುಕು ಹೆಂಗಸು. ಅರ್ಧ ಮಾತು ಕೇಳಿ ಪೂರ್ತಿ ತೀರ್ಮಾನ ಮಾಡುವವಳು. "ನನಗೂ ಅನ್ನಿಸಿತ್ತು. ಅಕ್ಕನಿಗೆ ವಯಸ್ಸಾಯ್ತು, ಅಲ್ವಾ? ತಡವರಿಸ್ತಾರಾ?"

"ಅಯ್ಯೋ, ಇಲ್ಲ ಇಲ್ಲ, ಅದಲ್ಲ."

"ಮತ್ತೇನು?"

ಗಿಣಿಯಪ್ಪ ಬಾಯಿ ತೆರೆದ. ಒಳಗಿನಿಂದ ಏನೂ ಬರಲಿಲ್ಲ.

"ಅವರ ಮೇಲಿನ ಗೌರವಕ್ಕೆ ನೀವು ಹೇಳ್ತಿಲ್ಲ, ನನಗೆ ಅರ್ಥ ಆಗುತ್ತೆ" ಎಂದಳು ಯಜಮಾನಿ. "ನಾಳೆ ಸಮ್ಮೇಳನಕ್ಕೆ ನಾನೇ ಬರ್ತೀನಿ. ಮುಗಿಯೋದ್ರೊಳಗೆ ಬೇರೆ ಕಾರಣ ಇದ್ರೆ ಹೇಳಿ. ಇಲ್ದಿದ್ರೆ ಇದೇ ಅಕ್ಕನ ಕೊನೇ ಸಮ್ಮೇಳನ. ಒಂದು ಹೂಗುಚ್ಛ ಕೊಟ್ಟು ಕಳಿಸೋಣ."

ಗಂಡ ತೀರಿಕೊಂಡ ಮೇಲೆ ಅಕ್ಕನಿಗೆ ಇದ್ದದ್ದು ಆ ಗೂಡೊಂದೇ. "ಇಲ್ಲಿ ಕೂತಾಗ ಮಾತ್ರ ಕಣೋ ನಾನು ಇನ್ನೂ ಇದೀನಿ ಅನ್ಸೋದು" ಎಂದು ಅವಳು ಎಷ್ಟು ಸಲ ಹೇಳಿದ್ದಳು. ಅವಳ ಹೊಟ್ಟೆಯ ಮಾತನ್ನು ಆಡಲಾರದೆ ಅವನು ಅವಳ ಹೊಟ್ಟೆಯ ಮೇಲೇ ಹೊಡೆಯಲು ಹೊರಟಿದ್ದ. ನಾಳೆ ಅವಳಿಗೆ ಹೇಳಿಬಿಡಬೇಕು, ಅವಳು ಸರಿಮಾಡಿಕೊಂಡರೆ ಯಜಮಾನಿಗೆ ಏನಾದರೊಂದು ಹೇಳಿ ದಾಟಿಸಬಹುದು ಎಂದು ನಿರ್ಧರಿಸಿದ. ಹೇಗೆ ಹೇಳುವುದು ಎಂಬುದು ಮಾತ್ರ ಹೊಳೆಯಲಿಲ್ಲ.

ಮಾರನೆಯ ದಿನದ ಸಮ್ಮೇಳನದ ವಿಷಯ ನೋಡಿ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ: ಆಹಾರದ ಪ್ರೋಟೀನು ಮತ್ತು ಕರುಳಿನ ಬ್ಯಾಕ್ಟೀರಿಯಾ. ಪರದೇಶದಿಂದ ಬಂದ ವಿಜ್ಞಾನಿಯೊಬ್ಬರು ಮುಖ್ಯ ಭಾಷಣಕಾರರು. ಬೆಳಗಿನ ಸ್ವಾಗತ, ಹಾರ ತುರಾಯಿಗಳ ಪಾಳಿ ಅಕ್ಕನದು, ವಿಜ್ಞಾನಿಯ ಪಾಳಿ ಗಿಣಿಯಪ್ಪನದು. ಗಿಣಿಯಪ್ಪನಿಗೆ ಜೀವ ಬಂತು. ತಾನು ಹೇಳಬೇಕಾದ್ದನ್ನು ಹೇಳಲು ಇನ್ನೊಬ್ಬರು ವಿಮಾನ ಹತ್ತಿ ಬಂದಿದ್ದಾರೆ! ಅವರು ಹೇಳುತ್ತಾರೆ, ಅವನು ಉಚ್ಚರಿಸುತ್ತಾನೆ, ಪಕ್ಕದಲ್ಲಿ ಕೂತ ಅಕ್ಕನ ಕಿವಿಗೆ ಬೀಳುತ್ತದೆ. ಯಾರ ಮೇಲೂ ದೂರಿಲ್ಲ.

ವಿಜ್ಞಾನಿ ಸಣಕಲು ಮನುಷ್ಯ, ನಗು ಬಾರದ ಮುಖ, ಆದರೆ ಮಾತು ಸ್ಪಷ್ಟ. ಗಿಣಿಯಪ್ಪ ಅಭ್ಯಾಸದಂತೆ ಕಣ್ಣು ಮುಚ್ಚಿ ಶುರುಮಾಡಿದ. ಕಣ್ಣು ಮುಚ್ಚಿದರೆ ಅವನಿಗೆ ಮಾತು ಚೆನ್ನಾಗಿ ಬರುತ್ತಿತ್ತು.

"ನಾವು ತಿಂದ ಪ್ರೋಟೀನಿನ ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ಮೈಗೆ ಸೇರುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಊಟಕ್ಕೆ ಕಾದಿವೆ. ಕಾಳು, ಸೊಪ್ಪು, ತರಕಾರಿಯ ನಾರು ಸಿಕ್ಕರೆ ಅವು ಮೊದಲು ಅದನ್ನೇ ಹುದುಗಿಸುತ್ತವೆ, ಕರುಳಿನ ಗೋಡೆಗೆ ಬೇಕಾದ ಆಮ್ಲಗಳನ್ನು ತಯಾರಿಸಿಕೊಡುತ್ತವೆ. ನಾರು ಸಿಗದೆ ಬರೀ ಪ್ರೋಟೀನು ಬಂದರೆ ಹಸಿದ ಬ್ಯಾಕ್ಟೀರಿಯಾಗಳು ಅದನ್ನೇ ಒಡೆಯುತ್ತವೆ. ಆಗ ಅಮೋನಿಯ ಹುಟ್ಟುತ್ತದೆ. ಮೊಟ್ಟೆ, ಮಾಂಸ, ಹಾಲಿನ ಪುಡಿಯಂಥವುಗಳಲ್ಲಿರುವ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇದು ಹೊಟ್ಟೆಗೆ ಎಷ್ಟು ಕೆಡುಕು ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಪ್ರೋಟೀನು ಶತ್ರುವಲ್ಲ. ವಯಸ್ಸಾದವರಿಗಂತೂ ಅದು ಬೇಕೇ ಬೇಕು. ಅದರ ಜೊತೆಗಾರರನ್ನು ಓಡಿಸಬೇಡಿ ಎಂದಷ್ಟೇ ನನ್ನ ಮಾತು."

ಆಹಾ, ಎಂದುಕೊಂಡ ಗಿಣಿಯಪ್ಪ. ಇನ್ನೊಂದೇ ವಾಕ್ಯ. ಹೈಡ್ರೋಜನ್ ಸಲ್ಫೈಡ್ ಅಂದರೆ ನಾತ ಎಂದೊಂದು ಮಾತು ಹೇಳಿ ಪುಣ್ಯಾತ್ಮರೇ! ಆದರೆ ಆ ಪುಣ್ಯಾತ್ಮರಿಗೆ ಹಾಗೆ ಹೇಳುವ ಯೋಚನೆಯೇ ಇರಲಿಲ್ಲ. ಸಾಲದ್ದಕ್ಕೆ ಪರದೆಯ ಮೇಲಿನ ಚಿತ್ರ ಅಲ್ಲೇ ನಿಂತುಹೋಯಿತು. ವಿಜ್ಞಾನಿ ಮಾತು ನಿಲ್ಲಿಸಿ ಗುಂಡಿ ಒತ್ತತೊಡಗಿದರು. ಹೆಡ್‌ಫೋನಿನಲ್ಲಿ ಮೌನ. ಗಿಣಿಯಪ್ಪನ ಮೈಕು ಮಾತ್ರ ತೆರೆದೇ ಇತ್ತು.

ಕಸುಬಿನ ಅತಿ ದೊಡ್ಡ ಪಾಪವನ್ನು ಅವನು ಕಣ್ಣು ಮುಚ್ಚಿಕೊಂಡೇ ಮಾಡಿದ.

"ಇದರ ವಾಸನೆ ನಿಮಗೆ ಗೊತ್ತಾಗುವುದಿಲ್ಲ" ಎಂದ, ವಿಜ್ಞಾನಿಯ ಅದೇ ಒಣ ದನಿಯಲ್ಲಿ. "ನಿಮ್ಮ ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೆ ಗೊತ್ತಾಗುತ್ತದೆ. ಅವರ ಮೂಗು ಸೋತುಹೋಗಿದೆ. ಆದರೆ ಅವರು ಹೇಳುವುದಿಲ್ಲ, ನಿಮ್ಮ ಮೇಲಿನ ಗೌರವಕ್ಕೆ. ಅವರ ಮೇಲೆ ದಯವಿಟ್ಟು ಕರುಣೆಯಿಡಿ. ಪುಡಿ ಬಿಡಬೇಕಾಗಿಲ್ಲ. ತಟ್ಟೆಗೆ ಒಂದು ಹಿಡಿ ಸೊಪ್ಪು, ಒಂದು ಹಿಡಿ ಕಾಳು ಮೆಲ್ಲಮೆಲ್ಲಗೆ ವಾಪಸು ಬರಲಿ. ಇದನ್ನು ನಾನು ತಮ್ಮನ ಹಾಗೆ ಕೇಳಿಕೊಳ್ಳುತ್ತಿದ್ದೇನೆ."

ಸಭೆಯಲ್ಲಿ ಮೊದಲು ಕಿಸಕ್ಕನೆ ಒಂದು ನಗು, ಆಮೇಲೆ ಹತ್ತಾರು, ಆಮೇಲೆ ಚಪ್ಪಾಳೆ. ಗುಂಡಿ ಒತ್ತುತ್ತಿದ್ದ ವಿಜ್ಞಾನಿ, ಚಿತ್ರ ಸರಿಹೋದದ್ದಕ್ಕೆ ಚಪ್ಪಾಳೆ ಎಂದು ತಿಳಿದು ತಲೆಬಾಗಿದರು. ಹೇಳಿಬಿಟ್ಟೆ, ಕೊನೆಗೂ ಹೇಳಿಬಿಟ್ಟೆ ಎಂದು ಗಿಣಿಯಪ್ಪ ಕಣ್ಣು ತೆರೆದು ಅಕ್ಕನ ಕಡೆ ತಿರುಗಿದ.

ಪಕ್ಕದ ಕುರ್ಚಿ ಖಾಲಿಯಿತ್ತು.

ಭಾಷಣ ಮುಗಿಯುವ ಹೊತ್ತಿಗೆ ಅಕ್ಕ ಬಾಗಿಲು ತೆರೆದು ಒಳಗೆ ಬಂದಳು, ಕೈಯಲ್ಲಿ ಮುಚ್ಚಳದ ಲೋಟ, ಅದರೊಳಗೆ ನೊರೆನೊರೆ. "ಪುಡಿ ಕುಡಿಯೋ ಹೊತ್ತಾಯ್ತು, ನೀರಿಗೆ ಹೋಗಿದ್ದೆ. ನಿನಗೆ ಸನ್ನೆ ಮಾಡ್ದೆ, ನೀನು ಕಣ್ಣು ಮುಚ್ಚಿದ್ದೆ. ಚಪ್ಪಾಳೆ ಯಾಕೋ ಅಷ್ಟೊಂದು?" ಎಂದಳು. ಗಿಣಿಯಪ್ಪನಿಗೆ ಉತ್ತರ ಹೇಳುವ ಅವಕಾಶವೇ ಸಿಗಲಿಲ್ಲ, ಸಿಕ್ಕಿದ್ದರೂ ಅವನು ಹೇಳುತ್ತಿರಲಿಲ್ಲ. ಪ್ರಶ್ನೋತ್ತರ ಶುರುವಾಯಿತು. ಅದು ಅಕ್ಕನ ಪಾಳಿ. ಅವಳು ಲೋಟ ಬದಿಗಿಟ್ಟು ಹೆಡ್‌ಫೋನು ಏರಿಸಿದಳು.

ಮೊದಲು ಎದ್ದವಳು ಒಬ್ಬ ಗ್ರಂಥಪಾಲಕಿ. "ಡಾಕ್ಟರೇ, ಪಕ್ಕದಲ್ಲಿ ಕೂತು ಕೆಲಸ ಮಾಡೋರಿಗೆ ಗೊತ್ತಾಗುತ್ತೆ, ಗೌರವಕ್ಕೆ ಹೇಳೋದಿಲ್ಲ ಅಂದ್ರಲ್ಲ, ಅದು ನನ್ನ ಪಾಡೇ. ನಮ್ಮ ಸಾಹೇಬರು ಇದೇ ಪುಡಿ ಕುಡೀತಾರೆ. ಹೇಳೋದು ಹೇಗೆ, ಸ್ವಲ್ಪ ದಾರಿ ತೋರಿಸಿ." ಸಭೆ ಮತ್ತೆ ನಕ್ಕಿತು. ಅಕ್ಕ ಒಂದಕ್ಷರ ಬಿಡದೆ ಅದನ್ನು ವಿಜ್ಞಾನಿಯ ಭಾಷೆಗೆ ದಾಟಿಸಿದಳು.

ವಿಜ್ಞಾನಿ ಕಕ್ಕಾಬಿಕ್ಕಿಯಾದರು. "ಕ್ಷಮಿಸಿ, ನಾನು ಹಾಗೆ ಹೇಳಲೇ ಇಲ್ಲ. ಪಕ್ಕದಲ್ಲಿ ಕೂರುವವರ ಬಗ್ಗೆ ನಾವು ಸಂಶೋಧನೆ ಮಾಡಿಲ್ಲ. ಯಾರು ಹೇಳಿದ್ದು ಇದನ್ನು?" ಎಂದರು. ಅದು ಅಕ್ಕನ ಕಿವಿಗೆ ಬಿತ್ತು.

ಇನ್ನು ಅವಳು ಅದನ್ನು ಸಭೆಗೆ ಹೇಳಬೇಕು. ಹೇಳಿದರೆ, ಮಾತು ಸೇರಿಸಿದವನು ಗೂಡಿನೊಳಗಿದ್ದಾನೆಂದು ಸಭೆಗೆಲ್ಲ ತಿಳಿಯುತ್ತದೆ. ಮಾತು ಸೇರಿಸಿದ ದುಭಾಷಿಯನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಅಕ್ಕ ತಿರುಗಿ ನೋಡಿದಳು. ಗಿಣಿಯಪ್ಪ ತಲೆ ತಗ್ಗಿಸಿದ್ದ. ಮೂಗಿನ ಕೆಳಗೆ ಮುಲಾಮು ಮಿನುಗುತ್ತಿತ್ತು. ಅವಳು ಅದನ್ನು ನೋಡಿದಳು, ತನ್ನ ನೊರೆಯ ಲೋಟವನ್ನು ನೋಡಿದಳು, ಮುಚ್ಚಿದ ಬಾಗಿಲನ್ನು ನೋಡಿದಳು. ಅರ್ಥ ಹುಡುಕುವುದೇ ಕಸುಬಾದವಳಿಗೆ ಇದು ಎಷ್ಟರದ್ದು? ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಲ್ಲದಂತಾಯಿತು. ಕಿವಿಗೆ ಅನುವಾದ ಬಾರದ್ದರಿಂದ ಸಭಿಕರು ಒಬ್ಬೊಬ್ಬರಾಗಿ ಗೂಡಿನ ಕಡೆ ತಿರುಗತೊಡಗಿದರು. ಹಿಂದಿನ ಸಾಲಿನಲ್ಲಿ ಯಜಮಾನಿಯೂ ತಿರುಗಿದಳು.

"ಹೌದು, ನಾನೇ ಹೇಳಿದ್ದು" ಎಂದಳು ಅಕ್ಕ ಮೈಕಿಗೆ, ವಿಜ್ಞಾನಿಯ ಪರವಾಗಿ, ಸ್ವಲ್ಪವೂ ನಡುಗದ ದನಿಯಲ್ಲಿ. "ಹೇಗೆ ಹೇಳಬೇಕೆಂದು ಕೇಳಿದಿರಿ. ಎದುರಿಗೆ ಕೂತು, ಬಾಯಿಂದ ಹೇಳಬೇಕು. ಗೌರವಕ್ಕೆ ಸುಮ್ಮನಿದ್ದೇವೆ ಅನ್ನುವವರ ಮಾತು ನಂಬಬೇಡಿ. ಅದು ಗೌರವವಲ್ಲ, ಹೆದರಿಕೆ. ಅವರು ಸುಮ್ಮನಿದ್ದಷ್ಟು ದಿನವೂ ಎಲ್ಲರಿಗೂ ಗೊತ್ತಿರುತ್ತದೆ, ಗೊತ್ತಾಗಬೇಕಾದ ಒಬ್ಬರನ್ನು ಬಿಟ್ಟು."

ಆ ದಿನದ ಅತಿ ಜೋರಾದ ಚಪ್ಪಾಳೆ ಅದಕ್ಕೇ ಬಿತ್ತು. ವಿಜ್ಞಾನಿ ಏನೂ ತಿಳಿಯದೆ ಕೈಯೆತ್ತಿ ನಮಸ್ಕರಿಸಿದರು. ಗ್ರಂಥಪಾಲಕಿ ಕಣ್ಣೊರೆಸಿಕೊಂಡು ಕೂತಳು.

ಸಭೆ ಚದುರಿತು. ಅಕ್ಕ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. "ಯಾವಾಗಿನಿಂದ?" ಎಂದಳು.

"ಕೈಕಟ್ಟು ಬಿಚ್ಚಿ ಬಂದಿರಲ್ಲ, ಆಗಿನಿಂದ."

"ನೆಗಡಿ?"

"ನೆಗಡಿ ಇಲ್ಲ ಅಕ್ಕ."

"ನಾನು ದಿನಾ ಬಿಸಿನೀರು ಕಾಯಿಸಿ ತರ್ತಿದ್ದೆ." ಅವಳು ಲೋಟದ ಮುಚ್ಚಳ ಬಿಗಿಯಾಗಿ ತಿರುವಿದಳು. "ಗೊತ್ತೇನೋ, ಇಷ್ಟು ದಿನ ನನಗೆ ಹೊಟ್ಟೆ ಕಲ್ಲಾಗಿತ್ತು. ಉಬ್ಬರ, ನೋವು, ಹೊಟ್ಟೆ ಸರಿಯಾಗಿ ಕಳೀತಾನೂ ಇರ್ಲಿಲ್ಲ. ಏನೋ ಕೆಟ್ಟ ರೋಗ ಶುರುವಾಗಿದೆ ಅಂತ ಡಾಕ್ಟರ ಹತ್ರ ಹೋಗೋಕೂ ಹೆದರಿ ಒಬ್ಳೇ ನುಂಗ್ಕೊಂಡಿದ್ದೆ. ನೀನು ಒಂದು ಮಾತು ಹೇಳಿದ್ರೆ, ತಿನ್ನೋದ್ರಲ್ಲೇ ಏನೋ ಇದೆ ಅಂತ ಆವತ್ತೇ ಹೊಳೀತಿತ್ತು. ನಿನ್ನ ಒಂದು ತಪ್ಪನ್ನಾದ್ರೂ ನಾನು ನಿನಗೆ ಹೇಳದೆ ಬಿಟ್ಟಿದ್ದೀನಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ನಾತವನ್ನು ಸಹಿಸಿದ್ದನ್ನೇ ಅವನು ಇಷ್ಟು ದಿನ ದೊಡ್ಡ ತ್ಯಾಗವೆಂದುಕೊಂಡಿದ್ದ.

ಬಾಗಿಲು ತೆರೆಯಿತು. ಯಜಮಾನಿ ಕೈಯಲ್ಲೊಂದು ಹೂಗುಚ್ಛ ಹಿಡಿದು ನಿಂತಿದ್ದಳು. ಒಳಗೆ ಕಾಲಿಡಲು ಹೋದವಳು ಯಾಕೋ ಹೊಸ್ತಿಲಲ್ಲೇ ನಿಂತಳು. "ಇಷ್ಟು ಒಳ್ಳೇ ಅನುವಾದ ಇದುವರೆಗೂ ಕೇಳಿಲ್ಲ ಅಂತ ಸಭಿಕರೆಲ್ಲ ಹೇಳ್ತಿದ್ದಾರೆ. ಆದ್ರೂ ಜೋಡಿ ಬದಲಾಯಿಸಿ ಅಂತ ಇವರು ಫೋನ್ ಮಾಡಿದ್ರಲ್ಲ, ಅದಕ್ಕೆ ಕೇಳ್ತಿದ್ದೀನಿ. ಕಾರಣ ಏನು, ಹೇಳ್ತೀರಾ? ವಯಸ್ಸೇನಾ?"

ಅಕ್ಕನಿಗೆ ಫೋನಿನ ವಿಷಯ ಗೊತ್ತಾದದ್ದು ಆಗಲೇ. ಅವಳು ಗಿಣಿಯಪ್ಪನನ್ನು ನೋಡಿದಳು, ಹೇಳಲಿ ಎಂದು ಕಾದಳು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕಿವಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ಇರ್ಲಿ, ನಾನೇ ಅನುವಾದ ಮಾಡ್ತೀನಿ" ಎಂದಳು ಅಕ್ಕ. ಬೆನ್ನು ನೆಟ್ಟಗೆ ಮಾಡಿ, ಕಸುಬಿನ ಕ್ರಮದಂತೆ ಅವನೇ ಆಗಿ ನುಡಿದಳು: "ಮೇಡಂ, ಅಕ್ಕನಿಗೆ ವಯಸ್ಸಾಗಿಲ್ಲ, ಹೊಟ್ಟೆ ಕೆಟ್ಟಿದೆ. ಗೂಡೆಲ್ಲ ನಾರ್ತಿತ್ತು. ಅದನ್ನ ಅವರಿಗೆ ಹೇಳೋ ಧೈರ್ಯ ನನಗಿರ್ಲಿಲ್ಲ. ಹೇಳೋ ಬದಲು ನಿಮಗೆ ಫೋನ್ ಮಾಡ್ದೆ. ಇವತ್ತು ಭಾಷಣದ ಮಧ್ಯೆ ನನ್ನ ಮಾತು ಸೇರಿಸ್ದೆ. ನನ್ನನ್ನ ಉಳಿಸೋಕೆ ಅಕ್ಕನೂ ಸೇರಿಸಿದ್ರು." ಅವನ ಕಡೆ ತಿರುಗಿ ಕೇಳಿದಳು: "ಏನಾದ್ರೂ ಬಿಟ್ಟೆನಾ?"

"ಇಲ್ಲ" ಎಂದ ಅವನು.

ಯಜಮಾನಿ ಹೂಗುಚ್ಛವನ್ನು ಮೂಗಿನ ಹತ್ತಿರ ಹಿಡಿದುಕೊಂಡು, ನಗು ತಡೆದುಕೊಂಡಳು. "ಇಷ್ಟೇನಾ? ಸದ್ಯ! ಊಟ ಸರಿಮಾಡ್ಕೊಳ್ಳಿ, ಅಷ್ಟೇ ತಾನೇ. ಮಾತು ಸೇರಿಸಿದ್ದು ನನ್ನ ಕಿವಿಗೆ ಬಿದ್ದಿಲ್ಲ ಅಂದ್ಕೊಳ್ಳಿ. ಮುಂದಿನ ಸಮ್ಮೇಳನಕ್ಕೂ ಇದೇ ಜೋಡಿ ಇರ್ಲಿ."

"ಇರ್ಲಿ ಮೇಡಂ" ಎಂದುಬಿಟ್ಟ ಗಿಣಿಯಪ್ಪ. ದನಿ ಒಡೆದು ಬಂದರೂ ಸ್ಪಷ್ಟವಾಗಿತ್ತು. "ಅಕ್ಕನ ಪಕ್ಕ ನಾನೇ ಕೂರ್ತೀನಿ. ಬೇರೆ ಯಾರೂ ಬೇಡ." ಯಾರೂ ಹೇಳಿಕೊಡದೆ, ಯಾರ ಹಿಂದೆಯೂ ಅಡಗದೆ ಅವನು ಆಡಿದ ಮೊದಲ ವಾಕ್ಯ ಅದೇ ಇರಬೇಕು. ಆಡಿ, ತಾನೇ ಬೆರಗಾಗಿ ಅಕ್ಕನ ಮುಖ ನೋಡಿದ.

ಅಕ್ಕ ಚೀಲ ಹೆಗಲಿಗೇರಿಸಿದಳು. ಬಾಗಿಲ ಹತ್ತಿರ ಹೋಗಿ ಯಜಮಾನಿಯ ಕೈಯಿಂದ ಹೂಗುಚ್ಛ ಇಸಕೊಂಡು ತಾನು ಎದ್ದ ಖಾಲಿ ಕುರ್ಚಿಯ ಮೇಲಿಟ್ಟಳು.

"ಮುಂದಿನ ಸಮ್ಮೇಳನಕ್ಕೆ ನಾನು ಬರ್ತೀನಿ ಮೇಡಂ, ಹೊಟ್ಟೆ ಸರಿಮಾಡ್ಕೊಂಡೇ ಬರ್ತೀನಿ. ಜೋಡಿಗೆ ಮಾತ್ರ ಬೇರೆಯವರನ್ನ ಕಳಿಸಿ. ಮೂಗಿನ ಜೊತೆ ಬಾಯಿಯೂ ಇರೋರು ಯಾರಾದ್ರೂ ಆಗ್ಲಿ."